ತಿರುಗುವ ದಿಕ್ಕು

ಬಹಳ ಹಿಂದೆ ಒಂದೂರಿತ್ತು. ಎಷ್ಟು ಹಿಂದೆ ಎಂದು ಕೇಳಬೇಡಿ. ಊರಿಗೆ ಮೋಟಾರ್ ಸೈಕಲ್ ಬಂದಿತ್ತು, ಅದು ಓಡಬೇಕಾದ ಡಾಂಬರು ರಸ್ತೆ ಇನ್ನೂ ಬಂದಿರಲಿಲ್ಲ, ಅಷ್ಟು ಹಿಂದೆ. ಊರಿನ ಹೆಸರನ್ನೂ ಕೇಳಬೇಡಿ. ಇದು ನಮ್ಮೂರ ಕತೆ ಎನ್ನುವ ಊರುಗಳು ಹಳ್ಳದ ಆಚೆಗೂ ಇವೆ, ಈಚೆಗೂ ಇವೆ.

ಆ ಊರಲ್ಲಿ ಸಾತವ್ವ ಎಂಬಾಕೆ ಇದ್ದಳು. ಬಡಿಗರ ಮಗಳು. ಅಪ್ಪ ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಕೂರಿಸುವುದನ್ನು ನೋಡುತ್ತ ಬೆಳೆದವಳು, ಗಾಲಿ ಎಂದರೆ ಅವಳಿಗೆ ಹೆದರಿಕೆಯಿರಲಿಲ್ಲ. ಅವಳ ಗಂಡ ಬಾಳಪ್ಪ. ಮೋಟಾರ್ ಸೈಕಲ್ಲಿನ ಹಿಂದೆ ಪ್ಲಾಸ್ಟಿಕ್ ಕೊಡಗಳನ್ನು ಬಲೆ ಹಾಕಿ ಕಟ್ಟಿಕೊಂಡು ಊರೂರು ತಿರುಗಿ ಮಾರುತ್ತಿದ್ದ. ದೂರದಿಂದ ನೋಡಿದವರಿಗೆ ಮನುಷ್ಯ ಕಾಣುತ್ತಿರಲಿಲ್ಲ, ಬರೀ ಕೊಡಗಳೇ ಓಡಿ ಬರುತ್ತಿದ್ದವು ಎನ್ನುತ್ತಾರೆ.

ಬಾಳಪ್ಪ ಕೆಟ್ಟವನಲ್ಲ. ಆದರೆ ಮನೆ ಬಿಡುವಾಗ ಎಲ್ಲರೂ "ಹೋಗಿ ಬರ್ತೀನಿ" ಎನ್ನುತ್ತಾರಲ್ಲ, ಅವನು ಹಾಗೆನ್ನುತ್ತಿರಲಿಲ್ಲ. "ಹೊಂಟೆ" ಎನ್ನುತ್ತಿದ್ದ. ಅಷ್ಟೇ. ಮೊದಮೊದಲು ಸಂಜೆಗೆ ಬರುತ್ತಿದ್ದ. ಆಮೇಲೆ ಸಂತೆಯಿಂದ ಸಂತೆಗೆ ಬಂದ. ಆಮೇಲೆ ಅಮಾವಾಸ್ಯೆಗೊಮ್ಮೆ ಬಂದ. ಎಲ್ಲೋ ಇನ್ನೊಂದು ಒಲೆ ಹೂಡಿದ್ದಾನೆ ಎಂದರು ಕೆಲವರು. ಇಲ್ಲ, ಅವನಿಗೆ ಬರೀ ರಸ್ತೆಯ ಹುಚ್ಚು ಎಂದರು ಕೆಲವರು. ಯಾವುದು ನಿಜವೆಂದು ಸಾತವ್ವನಿಗೂ ತಿಳಿಯಲಿಲ್ಲ. ಒಂದು ಸಲ ಹೋದವನು ಬರುವುದನ್ನೇ ಮರೆತರೆ ಎಂಬುದೊಂದೇ ಅವಳ ಭಯ.

ಹೀಗಿರುವಾಗ ಹಿಂದಿನ ಟೈರ್ ಸವೆದು ನುಣ್ಣಗಾಯಿತು. ಟೈರ್ ಹಾಕಿಸಲು ಪೇಟೆಗೆ ಹೋದರೆ ಬಾಳಪ್ಪ ಅಲ್ಲಿಂದ ಹಾಗೇ ಮುಂದೆ ಹೋಗಿಬಿಟ್ಟಾನು. ಅದಕ್ಕೇ ಸಾತವ್ವ, "ಟೈರ್ ಬಸ್ಸಿನ್ಯಾಗ ತರಸ್ರಿ, ಮನ್ಯಾಗ ನಾನೇ ಹಾಕ್ತೀನಿ" ಎಂದಳಂತೆ.

"ರೊಟ್ಟಿ ಬಡಿಯಾಕಿ ಟೈರ್ ಹಾಕ್ತಾಳಂತ!" ಎಂದು ಅವನು ನಕ್ಕ.

"ಎರಡೂ ದುಂಡಗs ಅದಾವಲ್ರೀ."

ಟೈರ್ ಬಂತು. ಸಾತವ್ವ ಗಾಲಿ ಬಿಚ್ಚಿ ಅಂಗಳದಲ್ಲಿ ಮಲಗಿಸಿದಳು. ಗಾಳಿ ಬಿಟ್ಟಳು. ಟೈರಿನ ಅಂಚಿನ ಮೇಲೆ ಹತ್ತಿ ನಿಂತು ಹಿಮ್ಮಡಿಯಿಂದ ತುಳಿದಳು. ಸಾಬೂನಿನ ನೀರು ಸವರಿದಳು. ಅಡುಗೆಮನೆಯಿಂದ ಎರಡು ಕಬ್ಬಿಣದ ಸೌಟು ತಂದು, ಅವುಗಳ ಹಿಡಿಯನ್ನು ಅಂಚಿನೊಳಗೆ ತೂರಿಸಿ ಎತ್ತಿದಳು. ಹಳೆಯದು ಹೊರಬಂತು, ಹೊಸದು ಒಳಹೋಯಿತು. ಸೈಕಲ್ ಪಂಪಿನಿಂದ ಗಾಳಿ ಹೊಡೆದು ಗಾಲಿಯನ್ನು ಗಾಡಿಗೆ ಕೂರಿಸಿದಳು. ಊರೇ ನಿಂತು ನೋಡಿತು ಎನ್ನುತ್ತಾರೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಟಪಾಲು ಹಂಚುವ ಈರಭದ್ರಪ್ಪ ಬಂದು ಬಗ್ಗಿ ನೋಡಿದ. ಟೈರಿನ ಪಕ್ಕೆಯ ಮೇಲೆ ಒಂದು ಬಾಣದ ಗುರುತು, ಅದರ ಮುಂದೆ ಇಂಗ್ಲಿಷ್ ಅಕ್ಷರ. ಅವನು ಕೂಡಿಸಿ ಕೂಡಿಸಿ ಓದಿ, "ಇದು ತಿರುಗೋ ದಿಕ್ಕು ನೋಡವ್ವ" ಎಂದ.

ತಿರುಗೋ ದಿಕ್ಕು. ಗಾಲಿ ಉರುಳುವ ದಿಕ್ಕು ಎಂದು ಈರಭದ್ರಪ್ಪನ ಮಾತು. ಗಂಡ ತಿರುಗಾಡಲು ಹೋಗುವ ದಿಕ್ಕು ಎಂದುಕೊಂಡರು ನೆರೆದವರು. ಗಂಡ ತಿರುಗಿ ಬರುವ ದಿಕ್ಕು ಎಂದು ಕೇಳಿಸಿತು ಸಾತವ್ವನಿಗೆ. ಮಾತು ಒಂದೇ. ಯಾರದು ತಪ್ಪು ಎಂದು ಹೇಳುವುದು?

ಬಾಣ ರಸ್ತೆಯ ಕಡೆ ತೋರಿಸುತ್ತಿತ್ತು. ಸಾತವ್ವ ಮತ್ತೆ ಸೌಟು ಕೈಗೆತ್ತಿಕೊಂಡಳು. ಗಾಲಿ ಬಿಚ್ಚಿದಳು, ಟೈರ್ ತೆಗೆದಳು, ಮಗುಚಿ ಹಾಕಿದಳು. ಬಾಣ ಈಗ ಮನೆಯ ಕಡೆ ತೋರಿಸಿತು. ಸಮಾಧಾನವಾಯಿತು. ಗಾಡಿಯನ್ನು ಒಂದಿಷ್ಟು ಮುಂದೆ ನೂಕಿ ನೋಡಿದಳು. ಗಾಲಿ ಅರ್ಧ ಸುತ್ತು ಉರುಳಿತು, ಮೇಲಿದ್ದ ಬಾಣ ಕೆಳಗೆ ಬಂತು, ಮತ್ತೆ ರಸ್ತೆಯ ಕಡೆ ತೋರಿಸಿತು! ಮತ್ತೆ ಬಿಚ್ಚಿದಳು, ಮತ್ತೆ ಮಗುಚಿದಳು. ಹೇಗೆ ಹಾಕಿದರೂ ಬಾಣ ಒಮ್ಮೆ ಮನೆ ಎನ್ನುತ್ತದೆ, ಒಮ್ಮೆ ರಸ್ತೆ ಎನ್ನುತ್ತದೆ. "ನಿನ್ನ ಗಂಡನಂಗs ಐತಲ್ಲೇ ಇದು" ಎಂದು ನಕ್ಕಳಂತೆ ಪಕ್ಕದ ಮನೆಯ ದ್ಯಾವಕ್ಕ. ಸಾತವ್ವ ನಗಲಿಲ್ಲ. ಸಂಜೆಯವರೆಗೆ ಹಾಕಿ ತೆಗೆದು, ತೆಗೆದು ಹಾಕಿ, ಕೊನೆಗೆ ಯಾವ ಕಡೆ ಹಾಕಿದೆ ಎಂಬುದು ಅವಳಿಗೇ ಮರೆತುಹೋಯಿತು.

ಬೆಳಿಗ್ಗೆ ಬಾಳಪ್ಪ ಕೊಡ ಕಟ್ಟಿದ. "ಹೊಂಟೆ" ಎಂದ. ಹೋದ.

ಹೊತ್ತು ಮುಳುಗುವ ಮುಂಚೆಯೇ ಬಂದ. ಹತ್ತಿ ಬರಲಿಲ್ಲ, ನೂಕಿಕೊಂಡು ಬಂದ. ಹಿಂದಿನ ಗಾಲಿ ನೆಲಕ್ಕೆ ಅಂಟಿತ್ತು. ಬಾಣ ಕೆಲಸ ಮಾಡಿತು ಎಂದು ಊರೆಲ್ಲ ಸುದ್ದಿಯಾಯಿತು. ಆದರೆ ಟ್ಯೂಬನ್ನು ನೀರಿಗೆ ಹಿಡಿದಾಗ ಸಾತವ್ವನಿಗೆ ಕಂಡದ್ದು ಬೇರೆ. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ಸಣ್ಣ ತೂತು. ಸೌಟಿನ ಹಿಡಿ ಟ್ಯೂಬನ್ನು ಕಚ್ಚಿತ್ತು. ಗಾಳಿ ನಿಧಾನವಾಗಿ ಸೋರಿ, ಹಳ್ಳ ದಾಟುವಷ್ಟರಲ್ಲಿ ಮುಗಿದಿತ್ತು.

ಅವಳು ತೂತು ಮುಚ್ಚಿದಳು. ಬಾಳಪ್ಪ ಮತ್ತೆ ಹೋದ, ಹೊಸ ತೂತಿನೊಂದಿಗೆ ಮತ್ತೆ ನೂಕಿಕೊಂಡು ಬಂದ. ಮತ್ತೆ ಮುಚ್ಚಿದಳು, ಮತ್ತೆ ಹೋದ, ಮತ್ತೆ ಬಂದ. ಗಾಳಿ ಇರುವಷ್ಟು ದೂರವೇ ಅವನ ವ್ಯಾಪಾರವಾಯಿತು. ಅಷ್ಟು ಹೊತ್ತಿಗೆ ಸುತ್ತಲ ಊರಿನವರೆಲ್ಲ ಟೈರ್ ಹಾಕಿಸಲು ಅವಳ ಅಂಗಳಕ್ಕೆ ಬರುತ್ತಿದ್ದರು, ಅವರ ಟ್ಯೂಬನ್ನು ಸೌಟು ಒಮ್ಮೆಯೂ ಕಚ್ಚಲಿಲ್ಲ ಎನ್ನುತ್ತಾರೆ. ಹಾಗಾದರೆ ಗಂಡನ ಟ್ಯೂಬಿಗೆ ಮಾತ್ರ ಯಾಕೆ ಕೈ ತಪ್ಪುತ್ತಿತ್ತು? ಬೇಕೆಂದೇ ಮಾಡುತ್ತಿದ್ದಳು ಎನ್ನುತ್ತಾರೆ ಕೆಲವರು. ಗಂಡನ ಗಾಲಿ ಎಂದರೆ ಕೈ ನಡುಗುತ್ತಿತ್ತು ಎನ್ನುತ್ತಾರೆ ಕೆಲವರು. ಇಲ್ಲ, ಬಾಣದ್ದೇ ಮಹಿಮೆ ಎನ್ನುವವರೂ ಇದ್ದಾರೆ. ನನಗೆ ಮೂರೂ ನಿಜ ಅನಿಸುತ್ತವೆ, ಒಂದೊಂದು ಹೊತ್ತಿಗೆ ಒಂದೊಂದು.

ಬಾಳಪ್ಪನಿಗೆ ಗೊತ್ತಿತ್ತೇ? ಅದೂ ಸರಿಯಾಗಿ ತಿಳಿಯದು. ಆದರೆ ಇಷ್ಟು ಹೇಳುತ್ತಾರೆ. ಸೈಕಲ್ ಪಂಪನ್ನು ಕೊಡಗಳ ಜೊತೆ ಕಟ್ಟಿಕೊಂಡು ಹೋಗಿದ್ದರೆ ಅವನು ಎಷ್ಟು ದೂರವಾದರೂ ಹೋಗಬಹುದಿತ್ತು. ಒಂದು ಬೆಳಿಗ್ಗೆ ಹಾಗೆ ಕಟ್ಟಿಕೊಂಡೂ ಇದ್ದ. ಸಾತವ್ವ ಬಾಗಿಲಲ್ಲಿ ನಿಂತು ನೋಡಿದಳು, ಬೇಡ ಎನ್ನಲಿಲ್ಲ. ಗಾಡಿ ಶುರು ಮಾಡಿದವನು ಯಾಕೋ ಇಳಿದ. ಪಂಪನ್ನು ಬಿಚ್ಚಿ ತಂದು ಹೊಸ್ತಿಲ ಪಕ್ಕ ಒರಗಿಸಿದ. "ತಿರುಗಿ ಬರ್ತೀನಿ" ಎಂದ.

ತಿರುಗಾಡಿ ಬರುತ್ತೇನೆ ಎಂದನೋ, ಮರಳಿ ಬರುತ್ತೇನೆ ಎಂದನೋ. ಅವಳು ಕೇಳಲಿಲ್ಲ.

ಇವತ್ತಿಗೂ ಹಳ್ಳದ ಎರಡೂ ಕಡೆ ಟೈರನ್ನು ಮನೆಯ ಅಂಗಳದಲ್ಲೇ ಹಾಕುತ್ತಾರೆ. ಗಾಡಿ ಹತ್ತುವವರು "ತಿರುಗಿ ಬರ್ತೀನಿ" ಎಂದೇ ಹೇಳುತ್ತಾರೆ. ಪಂಪನ್ನು ಯಾರೂ ಒಯ್ಯುವುದಿಲ್ಲ, ಅದು ಹೊಸ್ತಿಲ ಪಕ್ಕ ಒರಗಿರುತ್ತದೆ. ದಾರಿಯಲ್ಲಿ ಗಾಳಿ ಹೋದರೆ ಏನು ಮಾಡುತ್ತೀರಿ ಎಂದು ಹೊರಗಿನವರು ಕೇಳುತ್ತಾರೆ.

ಏನು ಮಾಡುವುದು, ಮನೆಗೆ ಬರುವುದು.