ಸಾರು ಚೆಲ್ಲಿದ ಓಬದ್ಯ

"ಕೇಳಿರಯ್ಯಾ ಕೇಳಿ! ಉಗ್ರಬಾಹು ಮಹಾರಾಜರ ಅಪ್ಪಣೆ! ಔತಣದ ಸಾರು ಚೆಲ್ಲಿದ ಅಡುಗೆಯವ ಓಬದ್ಯನಿಗೆ ನಾಳೆ ಮಧ್ಯಾಹ್ನ ಶೂಲ. ಮೂರು ಒಗಟು ಬಿಡಿಸಿದವರು ಅವನನ್ನು ಬಿಡಿಸಿಕೊಳ್ಳಬಹುದು, ಕೇಳಿದ ಬಹುಮಾನವೂ ಉಂಟು. ತಪ್ಪಿದವರಿಗೂ ಶೂಲ!"

ಥೂ, ಇದೂ ಒಂದು ನ್ಯಾಯವೇ? ಹಡಗಿನಲ್ಲಿ ಬಂದ ಯಹೂದಿ ವರ್ತಕರಿಗೆ ಅವರ ಶಾಸ್ತ್ರದಂತೆ ಉಣಬಡಿಸು ಎಂದು ಯಹೂದಿಯಾದ ಓಬದ್ಯನನ್ನು ನೇಮಿಸಿದವನು ಇದೇ ರಾಜ! ಸೊಪ್ಪಿನ ಸಾರಿನಲ್ಲಿ ಹುಳ ಕಂಡಿತು. ಹುಳ ಅವರಿಗೆ ನಿಷಿದ್ಧ. ಇನ್ನೆಷ್ಟಿವೆಯೋ ಎಂದು ಓಬದ್ಯ ಕೊಪ್ಪರಿಗೆಯನ್ನೇ ಬಗ್ಗಿಸಿದ. ಅತಿಥಿಗಳೆದುರು ಮಾನ ಹೋಯಿತೆಂದು ರಾಜ ಕೆಂಡಾಮಂಡಲವಾದ. ಅರಮನೆಯಲ್ಲಿ ಹತ್ತು ವರ್ಷ ಅಡುಗೆ ಮಾಡುತ್ತ ಓಬದ್ಯ ತಮ್ಮ ಊಟದ ಶಾಸ್ತ್ರದ ಬಗ್ಗೆ ಹೇಳಿದ ಮಾತುಗಳಿಂದಲೇ ಒಗಟು ಹೆಣೆದು, ಉತ್ತರ ಹೇಳಿಕೊಡದಂತೆ ಅವನ ಬಾಯಿಗೆ ಬಟ್ಟೆ ಕಟ್ಟಿಸಿದ.

"ಈ ಯಹೂದಿಗಳು ತಾಯಿಯನ್ನು ತಿನ್ನರು, ಅವಳ ಹೊಟ್ಟೆಯಿಂದ ಬಂದದ್ದನ್ನು ತಿನ್ನುತ್ತಾರೆ. ಏನದು?" ಎಂದ ರಾಜ, ತುಂಬಿದ ಸಭೆಯಲ್ಲಿ.

"ಮೊಟ್ಟೆ!" ಎಂದ ಮಂತ್ರಿಯ ಮಗ.

"ಕೋಳಿಯನ್ನೂ ತಿನ್ನುತ್ತಾರಲ್ಲೋ ದಡ್ಡ! ಎಳೆಯಿರಿ ಇವನನ್ನು."

"ಹಾಲು," ಎಂದ ಆಸ್ಥಾನ ವೈದ್ಯ. "ಹಾಲು ಕೊಡುವ ಆಡನ್ನೂ ತಿನ್ನುತ್ತಾರೆ!" ಎಂದ ರಾಜ. ಅವನನ್ನೂ ಎಳೆದರು.

ಆಗ ಓಬದ್ಯನ ಮಗಳು ಚಿಪ್ಪೋರ ಮುಂದೆ ಬಂದಳು. ಸೊಪ್ಪನ್ನು ಎಲೆಎಲೆಯಾಗಿ ಬಿಸಿಲಿಗೆ ಹಿಡಿದು ಹುಳ ಹುಡುಕುವುದು ಅವಳ ಕೆಲಸ. ಸಭೆ ಕಿಸಕ್ಕನೆ ನಕ್ಕಿತು.

"ಜೇನು," ಎಂದಳು. "ಜೇನುಹುಳ ನಿಷಿದ್ಧ, ಜೇನುತುಪ್ಪ ನಿಷಿದ್ಧವಲ್ಲ."

"ಸಾಸಿವೆಯಷ್ಟು ಮೈ, ಸಾವಿರ ಜನರ ಕೊಪ್ಪರಿಗೆಯನ್ನು ಸೋಲಿಸುತ್ತದೆ. ವಿಷವಲ್ಲ. ಏನದು?" ಎಂದು ರಾಜ ಎರಡನೆಯದನ್ನು ಕೇಳಿದ.

"ಇಡಿಯಾಗಿ ಬಿದ್ದ ಹುಳ. ಎಷ್ಟು ಸಾರಿದ್ದರೂ ಅದು ಲೆಕ್ಕಕ್ಕಿಲ್ಲ ಅನ್ನುವ ಹಾಗಿಲ್ಲ."

ರಾಜ ಹಲ್ಲು ಕಡಿದ. "ಮನೆಯೊಳಗಿದ್ದಾಗ ನಿರಪರಾಧಿ, ಹೊಸ್ತಿಲು ದಾಟಿದೊಡನೆ ಅಪರಾಧಿ. ಯಾರವನು?"

"ಕಿತ್ತಿಟ್ಟ ಹಣ್ಣಿನೊಳಗೆ ಹುಟ್ಟಿದ ಹುಳ. ಹೊರಗೇ ಬಾರದಿದ್ದರೆ ಅದಕ್ಕೆ ವಿನಾಯಿತಿ, ಬಂದು ಹರಿದಾಡಿದರೆ ನಿಷಿದ್ಧ." ಅವಳು ಸಿಟ್ಟಿನಿಂದ ಇನ್ನೊಂದು ಹೆಜ್ಜೆ ಮುಂದಿಟ್ಟಳು. "ನಮ್ಮಲ್ಲಿ ಹುಳಕ್ಕೂ ವಿಚಾರಣೆ ಉಂಟು, ದೊರೆಯೇ. ನನ್ನಪ್ಪನಿಗೆ ನೀವು ಅಷ್ಟನ್ನೂ ಮಾಡಲಿಲ್ಲ!"

ರಾಜ ಕಣ್ಣು ತಗ್ಗಿಸಿ ಓಬದ್ಯನ ಕಟ್ಟು ಬಿಚ್ಚಿಸಿದ. "ಬಹುಮಾನ ಕೇಳು."

"ಒಗಟು ತಪ್ಪಿದ ಆ ಇಬ್ಬರನ್ನೂ ಬಿಡಿ."

ಬಿಟ್ಟರು. "ಓಬದ್ಯ, ನಾಳೆ ಬೆಳಿಗ್ಗೆ ಒಲೆ ಹಚ್ಚು," ಎಂದ ರಾಜ, ಏನೂ ನಡೆದೇ ಇಲ್ಲವೆಂಬಂತೆ.

"ಹುಳ ಇದೆ ಅಂದರೆ ಶೂಲಕ್ಕೇರಿಸುವ ಮನೆಯಲ್ಲಿ ನನ್ನ ಕೈಯಿಂದ ಒಲೆ ಹತ್ತದು," ಎಂದು ಓಬದ್ಯ ಮಗಳೊಡನೆ ಆ ವರ್ತಕರ ಹಡಗು ಹತ್ತಿದ.

ರಾಜ ಬದುಕಿದಷ್ಟು ದಿನವೂ ಬಡಿಸಿದ್ದನ್ನೆಲ್ಲ ಉಂಡ. ತಟ್ಟೆಯಲ್ಲಿ ಏನು ಹರಿದಾಡುತ್ತಿದೆಯೆಂದು ಅವನಿಗೆ ಹೇಳುವ ಎದೆ ಅರಮನೆಯಲ್ಲಿ ಯಾರಿಗೂ ಇರಲಿಲ್ಲ.