ಧೂಪದ ಮರದ ಬುಡದಲ್ಲಿ ಸಸಿ ಯಾಕಿಲ್ಲ

ಲೋಕ ಆಗಿನ್ನೂ ಹೊಸದು. ಬಂಡೆಗಳ ಬಿಸಿ ಆರಿರಲಿಲ್ಲ, ಮೋಡಗಳಿಗೆ ದಾರಿ ಗೊತ್ತಿರಲಿಲ್ಲ. ಗಾಳಿಗೂ ಮರಕ್ಕೂ ಮನುಷ್ಯರಿಗೂ ಒಂದೇ ಮಾತು. ಮರ ಎಲ್ಲಾದರೂ ಮಾತಾಡುತ್ತಾ ಅಂತ ಹಲ್ಲು ಕಿಸಿಯಬೇಡಿ, ಆಗ ಆಡುತ್ತಿತ್ತು.

ಮಳೆ ಅಪರೂಪವಾದ ಒಂದು ಕಲ್ಲುಗುಡ್ಡ. ಅದರ ತುಂಬ ಧೂಪದ ಮರಗಳು. ದೊಡ್ಡ ಮರದ ಪಕ್ಕ ಸಣ್ಣ ಮರ, ಸಣ್ಣದರ ಪಕ್ಕ ಬೆರಳುದ್ದದ ಸಸಿ.

ಗುಡ್ಡದ ಕೆಳಗೆ ಕಾಟವ್ವನ ಗುಡಿಸಲು. ತೊಗಟೆ ಕೆತ್ತಿ, ಒಸರಿದ ಹಾಲು ಗಟ್ಟಿಯಾದ ಮೇಲೆ ಬಿಡಿಸಿ ತರುವುದು ಅವಳ ಕೆಲಸ. ಅದೇ ಧೂಪ. ಕೆಂಡಕ್ಕೆ ಹಾಕಿದರೆ ಘಮ್ಮೆನ್ನುವ ಹೊಗೆ. ಕೆತ್ತುವುದಕ್ಕೂ ಒಂದು ಕಟ್ಟಳೆ ಇತ್ತು. ಹೂ ಬಿಟ್ಟ ಮರ ಬಸುರಿ, ಅದಕ್ಕೆ ಕತ್ತಿ ತಾಗಿಸಬಾರದು.

ಕಾಟವ್ವ ಮೂರು ಕೂಸು ಹೆತ್ತು ಮೂರನ್ನೂ ಮಣ್ಣು ಮಾಡಿದವಳು. ನಾಲ್ಕನೆಯದು ಹೆಣ್ಣು. ಹುಟ್ಟಿ ತಿಂಗಳಾಗಿತ್ತು, ಮಾಗಿಯ ಚಳಿಗೆ ಅದರ ಎದೆ ಗೊರಗೊರ ಅನ್ನತೊಡಗಿತು. ನೀರೆರೆದು ಧೂಪದ ಹೊಗೆ ಕೊಡೋಣವೆಂದರೆ ಮನೆಯಲ್ಲಿ ಒಂದು ಚೂರೂ ಇಲ್ಲ. ಕೂಸನ್ನು ಮಡಿಲಿಗೆ ಕಟ್ಟಿಕೊಂಡು ಗುಡ್ಡ ಹತ್ತಿದಳು. ಗುಡ್ಡಕ್ಕೆ ಗುಡ್ಡವೇ ಹೂ ಬಿಟ್ಟಿತ್ತು.

“ಈಗ ಬೇಡ ಕಣವ್ವ,” ಎಂದಿತು ಹಿರೇಮರ. “ಬಸುರಿ ನಾನು. ಇರೋದು ಒಂದೇ ಹಾಲು. ಗಾಯಕ್ಕೆ ಹೋದರೆ ಬೀಜಕ್ಕೆ ಎಲ್ಲಿಂದ ತರಲಿ?”

“ನನ್ನ ಕೂಸು ಸಾಯ್ತದೆ, ತಾಯೀ!”

ಮರ ಬಗ್ಗಿ ಕೂಸನ್ನು ನೋಡಿತು. ತುಟಿ ನೀಲಿಯಾಗಿತ್ತು. ಅಯ್ಯೋ ಅನ್ನಿಸಿತು ಮರಕ್ಕೆ.

“ಕೆತ್ತು ಹಾಗಾದರೆ. ಕೂಸು ಗುಣವಾದ ದಿನ ಕತ್ತಿ ಕೆಳಗಿಡು, ಅಷ್ಟು ಸಾಕು.”

ಎಂಟನೇ ದಿನಕ್ಕೆ ಗೊರಗೊರ ನಿಂತಿತು. ಕೂಸು ಮೊಲೆ ಚೀಪಿತು, ನಕ್ಕಿತು. ಕಾಟವ್ವ ಕತ್ತಿ ಇಟ್ಟಳೇ? ಎಲ್ಲಿಯ ಮಾತು! ಮತ್ತೆ ಬಂದರೆ ಏನು ಗತಿ ಅಂತ ಇನ್ನೊಂದು ದಿನ ಕೆತ್ತಿದಳು. ಮತ್ತೆ ಬಂದರೆ ಅಂತ ಪಕ್ಕದ ಮರ ಕೆತ್ತಿದಳು. ಅದರಾಚೆಯದನ್ನೂ ಕೆತ್ತಿದಳು.

“ಸಾಕು ಮಾಡೇ ಕಾಟವ್ವ, ಕೂಸು ನಗ್ತಾ ಇದೆ,” ಎಂದಿತು ಗಾಳಿ.

“ನಿನಗೇನು ಗೊತ್ತು? ನೀನು ಹೆತ್ತಿದ್ದೀಯಾ? ಹೂತಿದ್ದೀಯಾ?”

ನಿಮಗೆ ಅವಳನ್ನು ಬೈಯಬೇಕು ಅನ್ನಿಸುತ್ತಿರಬಹುದು. ಬೈಕೊಳ್ಳಿ. ಮೂರು ಕೂಸು ಕಳಕೊಂಡವಳನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ.

ಕಾಟವ್ವನೇ ಕೆತ್ತಿದಳಲ್ಲ ಅಂತ ಊರಿನವರೂ ಹೂ ಬಿಟ್ಟ ಮರಗಳಿಗೆ ಕತ್ತಿ ಹಾಕಿದರು. ಆ ವರ್ಷವೂ ಹಾಕಿದರು, ಮರುವರ್ಷವೂ ಹಾಕಿದರು. ಕಟ್ಟಳೆ ಅಲ್ಲಿಗೆ ಮುಗಿಯಿತು.

ಬೇಸಿಗೆಯಲ್ಲಿ ಗಾಳಿ ಬೀಜಗಳನ್ನು ಉದುರಿಸಿತು. ಕಾಟವ್ವ ಒಂದನ್ನು ಉಗುರಿನಿಂದ ಬಿಡಿಸಿ ನೋಡಿದಳು. ಒಳಗೆ ಏನೂ ಇರಲಿಲ್ಲ. ಇನ್ನೊಂದು ಬಿಡಿಸಿದಳು. ಅದೂ ಜೊಳ್ಳು. ಮಳೆ ಬಂದಾಗ ಹುಲ್ಲು ಮೊಳೆಯಿತು, ಮುಳ್ಳು ಮೊಳೆಯಿತು, ಧೂಪದ ಸಸಿ ಒಂದೂ ಮೊಳೆಯಲಿಲ್ಲ.

“ತಪ್ಪಾಯ್ತು ತಾಯೀ,” ಎಂದು ಹಿರೇಮರದ ಕಾಲಿಗೆ ಬಿದ್ದಳು. ಅವತ್ತಿನಿಂದ ಯಾವ ಮರವೂ ಮನುಷ್ಯರ ಹತ್ತಿರ ಮಾತಾಡಿಲ್ಲ.

ಮಗಳು ಬೆಳೆದಳು. ಒಂದು ದಿನ ಗುಡ್ಡದ ಮೇಲೆ ಕೇಳಿದಳು, “ಅವ್ವಾ, ಈ ಮರಗಳಿಗೆ ಮಕ್ಕಳೇ ಇಲ್ವಾ?”

ಕಾಟವ್ವ ಹಿರೇಮರದ ಗಾಯದ ಮೇಲೆ ಕೈಯಿಟ್ಟಳು. “ಆಗಬೇಕಿತ್ತು ಮಗಾ. ಎಲ್ಲಾನೂ ನಿನ್ನ ಹೊಗೆಗೆ ಹಾಕಿಬಿಟ್ಟೆ.”

ಅದಕ್ಕೇ ಮಕ್ಕಳೇ, ಇವತ್ತಿಗೂ ಒಣಗುಡ್ಡಗಳಲ್ಲಿ ಮೈತುಂಬ ಗಾಯದ ಮುದಿ ಧೂಪದ ಮರಗಳು ಕಾಣುತ್ತವೆ, ಬುಡದಲ್ಲಿ ಎಷ್ಟು ಹುಡುಕಿದರೂ ಒಂದು ಸಸಿ ಸಿಗುವುದಿಲ್ಲ.