ಬಾಣಂತಿಯ ತಾಟಿಗೆ ಬಂದ ನುಗ್ಗೆಸೊಪ್ಪು

ಮಾತೋಶ್ರೀ ಮುಕ್ತಾಂಬಿಕೆ ತಾಯಿಯವರು ಬಿಳೇಕಲ್ಲು ಗ್ರಾಮದ ಹೊರಗೆ, ಎರೆಹೊಲಗಳ ಅಂಚಿನಲ್ಲಿ, ಮಣ್ಣಿನ ಗೋಡೆಯ ಒಂದು ಕುಟೀರದಲ್ಲಿ ವಾಸವಾಗಿದ್ದರು. ಗದ್ದುಗೆ ಇಲ್ಲ, ಪಲ್ಲಕ್ಕಿ ಇಲ್ಲ. ಲಿಂಗಪೂಜೆ ಮುಗಿದ ಮೇಲೆ ಹಿತ್ತಿಲಿನ ನುಗ್ಗೆಗಿಡದ ಕೆಳಗೆ ಕುಳಿತು ಸೊಪ್ಪು ಬಿಡಿಸುವುದೇ ಅವರ ಕಾಯಕ. ಬಂದವರಿಗೆ ಜೋಳದ ರೊಟ್ಟಿ, ನುಗ್ಗೆಸೊಪ್ಪಿನ ಪಲ್ಯ. ಅದೇ ಪ್ರಸಾದ.

ಒಂದು ಮುಂಜಾನೆ ಅವರ ಸನ್ನಿಧಿಗೆ ಫಕೀರವ್ವ ಬಂದಳು. ದೊಡ್ಡ ಒಕ್ಕಲುಮನೆಯ ಯಜಮಾನಿ. ಆಕೆ ಗದರಿದರೆ ಕೊಟ್ಟಿಗೆಯ ಎತ್ತೂ ಮೇವು ಬಿಡುತ್ತದೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅಂಥವಳ ಮುಖದಲ್ಲಿ ಅಂದು ಹೆದರಿಕೆಯಿತ್ತು.

“ಅವ್ವಾರ, ಬಾಣಂತಿ ಸೊಸಿಗೆ ಗಾಳಿ ಬಡದೈತ್ರಿ. ಹೊತ್ತು ಮುಳುಗಿದ್ರ ಸಾಕು, ಕಣ್ಣು ಕಾಣೂದಿಲ್ಲ, ಗ್ವಾಡಿ ಹಾಯ್ತಾಳ. ಮೈಯಾಗ ರಕ್ತನ ಇಲ್ಲದಂಗ ಬೆಳ್ಳಗಾಗ್ಯಾಳ. ಚಿಟಿಕಿ ಭಸ್ಮಾ ಕೊಡ್ರಿ.”

“ಉಣ್ಣಾಕ ಏನು ಕೊಡ್ತೀ?”

“ಪಥ್ಯ ರೀ. ಬಿಳೇ ಅನ್ನ, ಮೆಣಸಿನ ಸಾರು. ಸೊಪ್ಪು-ತಪ್ಪಲ ಪಲ್ಯ ಅಂಬೋದನ್ನ ಆಕಿ ಖೋಲಿ ಹೊಸ್ತಿಲಾ ದಾಟಿಸಿಲ್ಲ. ಕೂಸಿಗೆ ಥಂಡಿ ಆಗತೈತಲ್ರಿ!”

ತಾಯಿಯವರು ಭಸ್ಮದ ಬಟ್ಟಲನ್ನು ಮುಟ್ಟಲಿಲ್ಲ. ಬಿಡಿಸಿದ ಸೊಪ್ಪನ್ನೆಲ್ಲ ಅವಳ ಉಡಿಗೆ ಸುರಿದರು.

“ಭಸ್ಮ ಹಣಿಗೆ. ಸೊಪ್ಪು ಹೊಟ್ಟಿಗೆ.”

ಫಕೀರವ್ವನಿಗೆ ಮುಖಕ್ಕೆ ಹೊಡೆದಂತಾಯಿತು. ಹೊಲದ ಹಾದಿಯಲ್ಲಿ ಉಡಿ ಕೊಡವಿ, ಸೊಪ್ಪನ್ನು ಬೇಲಿಗೆ ಚೆಲ್ಲಿ ಮನೆಗೆ ನಡೆದಳು.

ಅಂದು ಮಧ್ಯಾಹ್ನ, ಸಿರಿವಂತರ ಮನೆಯ ಮೆಟ್ಟಿಲನ್ನೇ ಏರದ ತಾಯಿಯವರು ಸೆರಗಿನ ತುಂಬ ನುಗ್ಗೆಸೊಪ್ಪು ಕಟ್ಟಿಕೊಂಡು ಅವಳ ಬಾಗಿಲಿಗೆ ದಯಮಾಡಿಸಿದರು. ಫಕೀರವ್ವ ಸಿಟ್ಟು ಮರೆತು ಪಾದಕ್ಕೆ ನೀರೆರೆದಳು, ಮಣೆ ಹಾಕಿದಳು. ಹೋಳಿಗೆಗೆ ಕಣಕ ನಾದಲು ಒಳಗೆ ಓಡುವವಳಿದ್ದಳು.

“ಮೊದಲು ಬಾಣಂತಿ ಈ ಸೊಪ್ಪು ಉಣ್ಣಲಿ. ಆಮ್ಯಾಲ ನಾನು,” ಎಂದರು ತಾಯಿಯವರು.

ಪಕ್ಕದ ಮನೆಯಿಂದ ಓಡಿಬಂದಿದ್ದ ಫಕೀರವ್ವನ ನೆಗೆಣ್ಣಿ, ಮೈದುನನ ಹೆಂಡತಿ ಕಲ್ಲವ್ವ ಬಾಯಿ ಹಾಕಿದಳು. “ಕೂಸಿಗೆ ಏನರ ಆದ್ರ, ಅವ್ವಾರ?”

“ಆದ ದೋಷ ನನ್ನ ತಲಿ ಮ್ಯಾಲಿರ್ಲಿ.”

ಇಷ್ಟು ಹೇಳಿ ತಾಯಿಯವರು ಪಡಸಾಲೆಯ ಕಂಬಕ್ಕೆ ಒರಗಿದರು. ಬಿಸಿಲು ಅಂಗಳ ದಾಟಿ ಗೋಡೆ ಏರಿತು. ಅವರು ಗುಟುಕು ನೀರನ್ನೂ ಮುಟ್ಟಲಿಲ್ಲ. ಶರಣರು ಹಸಿದು ಎದ್ದುಹೋದ ಮನೆ ಉಳಿದೀತೇ? ಫಕೀರವ್ವ ಒಳಗೂ ಹೊರಗೂ ಸುಳಿದಾಡಿದಳು. ಆದರೆ ಸೋಲಲು ಮನಸ್ಸಿಲ್ಲ.

“ನಾನೂ ಹಿಂಗ ಪಥ್ಯ ಮಾಡೇ ಹಡದೀನ್ರಿ!” ಎಂದು ಕೊನೆಗೆ ಕೂಗಿಯೇಬಿಟ್ಟಳು. “ನನಗೇನಾಗೈತಿ?”

ತಾಯಿಯವರು ಕಣ್ಣೆತ್ತಿ ನೋಡಿದರು. “ನಿನಗ ಆಗ ಸಂಜಿಮುಂದ ಕಣ್ಣು ಕಾಣತಿತ್ತೇನವ್ವಾ?”

ಫಕೀರವ್ವನಿಗೆ ತನ್ನ ಬಾಣಂತನ ನೆನಪಾಯಿತು. ದೀಪ ಹಚ್ಚುವ ಹೊತ್ತಿಗೆ ತಾನೂ ಗೋಡೆ ತಡವಿಕೊಂಡು ತೊಟ್ಟಿಲು ಹುಡುಕಿದ್ದಳು. ಅಳುವ ಕೂಸಿನ ದನಿ ಹಿಡಿದು ತೆವಳಿದ್ದಳು. ‘ಹಡದಾಕಿಗೆ ಇದು ಇದ್ದದ್ದ’ ಎಂದು ಅವಳ ಅತ್ತೆ ಬಾಯಿ ಮುಚ್ಚಿಸಿದ್ದಳು. ಅಂದು ನುಂಗಿದ ಮಾತನ್ನು ಫಕೀರವ್ವ ಗಂಡನಿಗೂ ಹೇಳಿರಲಿಲ್ಲ.

ಅವಳು ಸೊಪ್ಪೆತ್ತಿಕೊಂಡು ಒಳಗೆ ಹೋದಳು. ಹೆಸರುಬೇಳೆಯ ಜೊತೆ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟಳು. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಸೊಸೆ ದ್ರಾಕ್ಷಾಯಣಿ ಕತ್ತಲಲ್ಲಿ ತಡಕಾಡುತ್ತಿದ್ದಾಗ ಅತ್ತೆಯೇ ಅವಳ ಕೈ ಹಿಡಿದು ತಾಟಿಗೆ ಮುಟ್ಟಿಸಿ, “ಉಣ್ಣವ್ವಾ,” ಎಂದಳು. ಸೊಸೆ ಉಂಡ ಮೇಲೆಯೇ ತಾಯಿಯವರು ರೊಟ್ಟಿ ಮುರಿದರು.

ಅಂದಿನಿಂದ ಆ ಮನೆಯಲ್ಲಿ ನಿತ್ಯ ನುಗ್ಗೆಸೊಪ್ಪು. ಕೂಸಿಗೆ ಥಂಡಿಯೂ ಆಗಲಿಲ್ಲ, ಹೊಟ್ಟೆಯೂ ಕೆಡಲಿಲ್ಲ. ಬಾಣಂತಿಯ ಎದೆಹಾಲು ಹೆಚ್ಚಿತು, ತುಟಿಗೆ ಕೆಂಪು ಮರಳಿತು. ಒಂದು ಸಂಜೆ ದ್ರಾಕ್ಷಾಯಣಿ ಗೋಡೆ ಮುಟ್ಟದೆ ನಡುಮನೆ ದಾಟಿ ಬಂದು, ಅತ್ತೆಯ ತೊಡೆಯ ಮೇಲಿದ್ದ ಕೂಸನ್ನು ಎತ್ತಿಕೊಂಡಳು.

ಊರು ಪವಾಡವೆಂದಿತು. ಕಾಯಿ ಕರ್ಪೂರ ಹಿಡಿದು ಜನ ಕುಟೀರಕ್ಕೆ ನುಗ್ಗಿದರು. ಅಂದು ಮಾತ್ರ ತಾಯಿಯವರು ಸಿಟ್ಟಾದರು.

“ಪವಾಡ ಅಂದ್ರ ನಾಳಿಂದ ಸೊಪ್ಪು ಬಿಟ್ಟು ನನ್ನ ಕಾಲು ಹಿಡೀತೀರಿ. ಕಣ್ಣಿಗೆ ಬೆಳಕು, ಮೈಗೆ ರಕ್ತ ಕೊಟ್ಟದ್ದು ಈ ಗಿಡ. ಹೋಗ್ರಿ, ನಿಮ್ಮ ಬಾಣಂತ್ಯಾರಿಗೆ ಉಣ್ಣಾಕ ಕೊಡ್ರಿ!”

ಗುಂಪು ಚದುರಿತು. ಫಕೀರವ್ವ ಮಾತ್ರ ಒಂದು ನುಗ್ಗೆಯ ಕೊಂಬೆ ಬೇಡಿ ಪಡೆದು, ಮನೆಗೆ ಬಂದು ತಲೆಬಾಗಿಲ ಎದುರಿಗೇ ಗುಂಡಿ ತೋಡತೊಡಗಿದಳು. ಕಲ್ಲವ್ವ ಎದೆ ಬಡಿದುಕೊಂಡಳು.

“ಯಕ್ಕಾ! ಮನಿ ಮುಂದ ನುಗ್ಗಿಗಿಡ ಹಚ್ಚಿದ್ರ ದೆವ್ವ ಬಂದು ಕುಂದರತೈತಿ!”

“ಬರ್ಲಿ ಬಿಡ,” ಎಂದಳು ಫಕೀರವ್ವ, ಬುಡಕ್ಕೆ ಮಣ್ಣೆಳೆದು ಕಾಲಿನಿಂದ ಗಟ್ಟಿಯಾಗಿ ತುಳಿಯುತ್ತ. “ಪಾಪ, ಹಸದು ಬಂದಿರತೈತಿ. ಅದಕ್ಕೂ ಎರಡು ರೊಟ್ಟಿ, ಪಲ್ಯ ನೀಡ್ತೀನಿ.”